ಕೈ ಎತ್ತಿದ್ದು ಯಾರು

"ಒಂದು, ಎರಡು, ಮೂರು. ಎಲ್ಲರೂ ಇದ್ದೀವಿ. ಹೊರಡೋಣ."

ಕ್ಲಿಫ್ ಕಾರಿನ ಕನ್ನಡಿಯಲ್ಲಿ ಹಿಂದಿನ ಸೀಟು ನೋಡಿ ತಲೆ ಎಣಿಸಿದ. ಇದ್ದದ್ದೇ ಮೂರು ತಲೆ, ಅದರಲ್ಲಿ ಒಂದು ಅವನದೇ. ಆದರೂ ಎಣಿಸದೆ ಕೀಲಿ ತಿರುಗಿಸುವವನಲ್ಲ ಅವನು. ಪರ್ತ್ ನೋಡಲು ಬಂದವರನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಊರು ಸುತ್ತಿಸುವುದು ಅವನ ಇಪ್ಪತ್ತೇಳು ವರ್ಷದ ಕೆಲಸ. ಅಷ್ಟು ವರ್ಷದಲ್ಲಿ ಒಬ್ಬರನ್ನೂ ಎಲ್ಲಿಯೂ ಬಿಟ್ಟು ಬಂದಿಲ್ಲ ಎನ್ನುವುದು ಅವನ ಹೆಮ್ಮೆ. ಈಗ ಎರಡು ವಾರ ರಜೆ ಹಾಕಿದ್ದ. ರಜೆ ಹಾಕಿ ಮಾಡುತ್ತಿದ್ದದ್ದೂ ಅದೇ ಕೆಲಸ.

ಹಿಂದಿನ ಸೀಟಿನಲ್ಲಿ ಐಸ್ ಡಬ್ಬ, ಫ್ಲಾಸ್ಕು, ಸ್ಯಾಂಡ್‌ವಿಚ್ ಪೊಟ್ಟಣಗಳ ನಡುವೆ ಒತ್ತಿಕೊಂಡು ಕುಳಿತಿದ್ದ ಹೆಂಡತಿ ನೋರೀನ್, "ಮೂರಲ್ಲ ಕಣೋ, ನಾಲ್ಕು. ನನ್ನ ತೊಡೆ ಮೇಲಿರೋ ಕಲ್ಲಂಗಡೀನ ಎಣಿಸ್ಲೇ ಇಲ್ಲ ನೀನು," ಎಂದಳು.

"ಅದು ಲಗೇಜು."

"ನಿನ್ನ ತಲೆಗಿಂತ ದೊಡ್ಡದಿದೆ."

ಮುಂದಿನ ಸೀಟಿನಲ್ಲಿದ್ದ ಹಿಲ್ಡಾ ನಕ್ಕಳು. ಅವಳು ಕ್ಲಿಫ್‌ನ ಅಕ್ಕ, ಅವನಿಗಿಂತ ಮೂರು ವರ್ಷ ದೊಡ್ಡವಳು. ಇಂಗ್ಲೆಂಡಿನ ಸಂಡರ್‌ಲ್ಯಾಂಡಿನಲ್ಲಿ ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ ಮಾಡಿ ಕೈ ಒರಟಾದ, ಮಾತು ಕಡಿಮೆಯ ಹೆಂಗಸು. ಬಂದ ಎರಡನೇ ದಿನಕ್ಕೇ ಜನವರಿಯ ಬಿಸಿಲಿಗೆ ಅವಳ ಮೂಗು ಕೆಂಪಾಗಿ ಸಿಪ್ಪೆ ಏಳತೊಡಗಿತ್ತು. ನಲವತ್ತೈದು ವರ್ಷದ ಮೇಲೆ ಅಕ್ಕ ತಮ್ಮ ಒಬ್ಬರ ಮುಖ ಒಬ್ಬರು ನೋಡಿದ್ದರು. ವಿಮಾನ ನಿಲ್ದಾಣದಲ್ಲಿ ಕ್ಲಿಫ್ ಅವಳ ಕೈ ಕುಲುಕಿದ್ದ. ಅಪ್ಪಿಕೊಳ್ಳುವುದು ಇಬ್ಬರಿಗೂ ಹೊಳೆದಿರಲಿಲ್ಲ. "ಪ್ರಯಾಣ ಚೆನ್ನಾಗಿತ್ತಾ?" ಎಂದು ಅವನು, "ಊಟ ಸ್ವಲ್ಪ ಸಪ್ಪೆ," ಎಂದು ಅವಳು. ನೋಡುತ್ತ ನಿಂತ ನೋರೀನಳೇ ಇಬ್ಬರ ಪಾಲಿನದನ್ನೂ ಅತ್ತಳು.

ಹಿಲ್ಡಾಳಿಗಿದ್ದದ್ದು ಹನ್ನೆರಡು ದಿನ. ಹನ್ನೆರಡು ದಿನಕ್ಕೂ ಕ್ಲಿಫ್ ಪಟ್ಟಿ ಮಾಡಿಟ್ಟಿದ್ದ.

ಮೊದಲ ದಿನ ಕಿಂಗ್ಸ್ ಪಾರ್ಕಿನ ಗುಡ್ಡ. ಕೆಳಗೆ ಸ್ವಾನ್ ನದಿ ಅಗಲವಾಗಿ ಬಿದ್ದುಕೊಂಡಿತ್ತು. ಮರುದಿನ ನದಿಯ ದಂಡೆ. "ನಿಮ್ಮ ದೇಶದಲ್ಲಿ ಹಂಸ ಬೆಳ್ಳಗಿರುತ್ತೆ. ಇಲ್ಲೀವು ಬಿಸಿಲಿಗೆ ಸುಟ್ಟು ಕಪ್ಪಾಗಿವೆ. ಟೋಪಿ ಹಾಕ್ಕೊ ಹಿಲ್ಡಾ, ಇಲ್ಲಾಂದ್ರೆ ವಾಪಸ್ ಹೋಗೋಷ್ಟೊತ್ತಿಗೆ ನಿಂದೂ ಇದೇ ಗತಿ," ಎಂದ ಕ್ಲಿಫ್. ಬಸ್ಸಿನಲ್ಲಿ ದಿನಕ್ಕೆ ಎರಡು ಸಲ ಹೇಳುವ ಮಾತು. ಹಿಂದೆ ನಿಂತ ನೋರೀನ್ ದನಿ ಹೊರಡಿಸದೆ ತುಟಿಯಲ್ಲೇ ಅದನ್ನು ಅವನ ಜೊತೆ ಹೇಳಿದಳು. ನಾಲ್ಕನೇ ದಿನ ದೋಣಿ ಹತ್ತಿ ರಾಟ್‌ನೆಸ್ಟ್ ದ್ವೀಪಕ್ಕೆ. ಅಲ್ಲಿ ಬೆಕ್ಕಿನಷ್ಟು ದೊಡ್ಡ, ಕಾಂಗರೂ ಜಾತಿಯ ಕ್ವಾಕಾವೊಂದು ಬಂದು ಹಿಲ್ಡಾಳ ಚೀಲಕ್ಕೆ ಮೂತಿ ತೂರಿಸಿತು. ಹಿಲ್ಡಾ ಮೊದಲ ಸಲ ಗಟ್ಟಿಯಾಗಿ ಕಿರುಚಿ ನಕ್ಕಳು. ಕ್ಲಿಫ್ ಅಂದು ಇಡೀ ದಿನ ತಾನೇ ಆ ಪ್ರಾಣಿಯನ್ನು ಸಾಕಿ ಬೆಳೆಸಿದವನ ಹಾಗೆ ಬೀಗಿಕೊಂಡು ಓಡಾಡಿದ.

ನೋಡುವವರಿಗೆ ಎಲ್ಲ ಚೆಂದವೇ. ಆದರೆ ನೋರೀನ್ ತಾಯಿ. ಮೂರು ಮಕ್ಕಳನ್ನು ಬೆಳೆಸಿದವಳು. ಹೇಳಬೇಕಾದ್ದನ್ನು ಬಾಯಲ್ಲಿಟ್ಟುಕೊಂಡು ಸುಮ್ಮನಿರುವ ಮುಖ ಹೇಗಿರುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಹಿಲ್ಡಾಳದು ಅಂಥ ಮುಖ. ಕ್ಲಿಫ್ ಒಂದು ಕ್ಷಣ ಸುಮ್ಮನಾದರೆ ಸಾಕು, ಅವಳು ಉಸಿರೆಳೆದುಕೊಂಡು, "ಕ್ಲಿಫ್, ನಾನು..." ಎನ್ನುವಳು. ಅಷ್ಟರಲ್ಲಿ ಅವನು, "ಎಡಗಡೆ ನೋಡು, ಹಳೇ ಟಂಕಸಾಲೆ," ಎನ್ನುವನು.

ಆರನೇ ದಿನ ಊರ ಹೊರಗಿನ ದ್ರಾಕ್ಷಿ ತೋಟಗಳ ಕಡೆ ಹೋಗಿದ್ದರು. ಒಂದು ಕಡೆ ದಾರಿ ಕವಲೊಡೆಯಿತು. ಬಲಕ್ಕೆ ತೋಟಗಳು. ನೇರ ಹೋದರೆ ಒಣ ಹುಲ್ಲಿನ ಬಯಲು, ನೀಲಗಿರಿ ಮರಗಳು.

"ಈ ದಾರಿ ಎಲ್ಲಿಗೆ ಹೋಗುತ್ತೆ?" ಹಿಲ್ಡಾ ಕೇಳಿದಳು.

"ಎಲ್ಲಿಗೂ ಹೋಗಲ್ಲ. ದಾರಿ ಇಲ್ಲೇ ಬಿದ್ದಿರುತ್ತೆ, ಹೋಗೋರು ನಾವು."

"ನಿನ್ನನ್ನ ಇಟ್ಟಿದ್ದ ಜಾಗ ಈ ಕಡೇನಾ?"

ಕ್ಲಿಫ್ ಬಲಕ್ಕೆ ತಿರುಗಿಸಿದ. "ಇಲ್ಲಿನ ಬಿಳಿ ವೈನ್ ಕುಡಿದ್ರೆ ನಿನ್ನ ಮೂಗಿನ ಸಿಪ್ಪೆ ಏಳೋದು ನಿಲ್ಲುತ್ತೆ," ಎಂದ. ಸ್ಟಿಯರಿಂಗ್ ಹಿಡಿದ ಅವನ ಬೆರಳ ಗಿಣ್ಣುಗಳು ಬಿಳಿಚಿಕೊಂಡಿದ್ದನ್ನು ನೋರೀನ್ ಹಿಂದಿನಿಂದ ನೋಡಿದಳು.

ಆ ಜಾಗದ ಬಗ್ಗೆ ಅವಳಿಗೂ ಹೆಚ್ಚು ಗೊತ್ತಿರಲಿಲ್ಲ. ಮದುವೆಯಾಗಿ ಇಪ್ಪತ್ತಾರು ವರ್ಷ. ಆರು ವರ್ಷದವನಿದ್ದಾಗ ಇಂಗ್ಲೆಂಡಿನ ಅನಾಥಾಲಯವೊಂದರಿಂದ ಹಡಗಿನಲ್ಲಿ ಬಂದನೆಂದೂ, ಊರಾಚೆಯ ಆ ಸಂಸ್ಥೆಯಲ್ಲಿ ಬೆಳೆದನೆಂದೂ ಹೇಳಿದ್ದ. ನಿನ್ನವರೆಲ್ಲ ಯುದ್ಧದಲ್ಲಿ ಬಾಂಬಿಗೆ ಸತ್ತರೆಂದು ಅಲ್ಲಿ ಅವನಿಗೆ ಹೇಳಿದ್ದರಂತೆ. ಅಲ್ಲಿಗೆ ಕತೆ ಮುಗಿಯಿತು. ಉಳಿದದ್ದನ್ನು ಅವಳು ಅವನ ನಡತೆಯಲ್ಲೇ ಓದಿಕೊಂಡಿದ್ದಳು. ತಟ್ಟೆಯಲ್ಲಿ ಬ್ರೆಡ್ಡಿನ ಒಂದು ಚೂರನ್ನೂ ಬಿಡುತ್ತಿರಲಿಲ್ಲ. ಮಕ್ಕಳು ಚಿಕ್ಕವರಿದ್ದಾಗ ಹಾಸಿಗೆ ಒದ್ದೆ ಮಾಡಿಕೊಂಡರೆ ಅವಳಿಗೆ ಎಚ್ಚರವಾಗುವ ಮೊದಲೇ ತಾನೆದ್ದು, ಬೈಯದೆ, ದೀಪವನ್ನೂ ಹಾಕದೆ ಬೆಡ್‌ಶೀಟು ಬದಲಿಸಿ ಬರುತ್ತಿದ್ದ. ಎಂಥ ಗಂಡ ಸಿಕ್ಕಿದ ನನಗೆ ಎಂದು ಅವಳು ಗೆಳತಿಯರ ಮುಂದೆ ಹೇಳಿಕೊಂಡಿದ್ದೂ ಉಂಟು.

ಕಳೆದ ವರ್ಷ ಇಂಗ್ಲೆಂಡಿನಿಂದ ಕಾಗದ ಬಂತು. ಹೀಗೆ ಮಕ್ಕಳಿದ್ದಾಗಲೇ ಹಡಗು ಹತ್ತಿ ಚೆದುರಿಹೋದವರನ್ನು ಹುಡುಕಿ ಕೂಡಿಸುವ ಜನ ಬರೆದದ್ದು. ಅವನ ತಾಯಿ ಬಾಂಬಿಗೆ ಸತ್ತಿರಲಿಲ್ಲ. ಕ್ಷಯ ಹಿಡಿದು ಆಸ್ಪತ್ರೆ ಸೇರುವಾಗ ಮಕ್ಕಳಿಬ್ಬರನ್ನು ಅನಾಥಾಲಯದಲ್ಲಿ ಬಿಟ್ಟಿದ್ದಳು. ಗುಣವಾಗಿ ಕರೆದುಕೊಂಡು ಹೋಗಲು ಬಂದಾಗ ಮಗಳು ಮಾತ್ರ ಸಿಕ್ಕಿದಳು. ಆ ತಾಯಿ ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು. ಅಕ್ಕ ಇದ್ದಳು.

ಎಂಟನೇ ದಿನದ ಬೆಳಿಗ್ಗೆ ನೋರೀನ್ ಹಿತ್ತಲಿಗೆ ಬಂದರೆ ಹಿಲ್ಡಾ ಆಗಲೇ ತನ್ನ ಬೆಡ್‌ಶೀಟು ಒಗೆದು, ಅಂಗಳದ ನಡುವೆ ಬಟ್ಟೆ ಒಣಹಾಕಲು ನೆಟ್ಟ, ಕೊಡೆಯಂತೆ ತಂತಿ ಹರಡಿದ ತಿರುಗು ಕಂಬಕ್ಕೆ ಹರವುತ್ತಿದ್ದಳು. ಬಂದಾಗಿನಿಂದ ದಿನವೂ ಇದೇ.

"ಅಲ್ಲ ಹಿಲ್ಡಾ, ಮಷೀನು ಯಾಕಿದೆ ನಮ್ಮನೇಲಿ? ದಿನಾ ಶೀಟು ಬದಲಿಸೋಕೆ ಇದೇನು ದೊಡ್ಡ ಹೋಟ್ಲಾ?"

"ಅಭ್ಯಾಸ ಆಗಿಬಿಟ್ಟಿದೆ ಕಣೆ."

"ಕೆಟ್ಟ ಅಭ್ಯಾಸ. ಈ ಕಂಬಕ್ಕೆ ನನ್ನ ಮಕ್ಕಳು ಜೋತಾಡಿ ಜೋತಾಡಿ ಸೊಟ್ಟ ಮಾಡಿದಾರೆ, ಆ ಕಡೆ ಹಾಕ್ಬೇಡ, ನೆಲಕ್ಕೆ ತಾಗುತ್ತೆ. ಹಿಡಿ, ಆ ತುದಿ ಹಿಡಿ."

ಇಬ್ಬರೂ ತುದಿ ಹಿಡಿದು ಶೀಟನ್ನು ಕೊಡವಿದರು. ಬೇಲಿಯಾಚೆ ಗುಲಾಬಿ ಎದೆಯ ಕಾಕಟೂಗಳು ಜಗಳವಾಡುತ್ತಿದ್ದವು. ಮುಂದುಗಡೆ ಕ್ಲಿಫ್ ಕಾರು ತೊಳೆಯುವ ನೀರಿನ ಸದ್ದು. ಹಿಲ್ಡಾ ಆ ಕಡೆ ಒಮ್ಮೆ ಕಿವಿಗೊಟ್ಟು, ಶೀಟನ್ನು ಎದೆಗೆ ಒತ್ತಿ ಹಿಡಿದು ನಿಂತುಬಿಟ್ಟಳು.

"ನೋರೀನ್, ಅವನು ರಾತ್ರಿ ಹಾಸಿಗೆ ಒದ್ದೆ ಮಾಡ್ಕೋತಿದ್ದ. ಅನಾಥಾಲಯದಲ್ಲಿ. ಒದ್ದೆ ಮಾಡ್ದೋರ ಶೀಟನ್ನ ಅವರ ಅಕ್ಕನೋ ಅಣ್ಣನೋ ಒಗೀಬೇಕು ಅಂತ ಅಲ್ಲಿ ಕಾನೂನು. ನಂಗೆ ಒಂಬತ್ತು ವರ್ಷ. ಅದು ನಲವತ್ತೇಳರ ಚಳಿಗಾಲ, ತೊಟ್ಟಿ ನೀರಿನ ಮೇಲೆ ಮಂಜುಗಡ್ಡೆ. ದಿನಾ ಬೆಳಿಗ್ಗೆ ಅದನ್ನ ಒಡೆದು ಒಗೀತಿದ್ದೆ. ಬೆರಳೆಲ್ಲ ಒಡೆದು ರಕ್ತ ಬರ್ತಿತ್ತು."

"ಅಯ್ಯೋ ಪಾಪ," ಎಂದಳು ನೋರೀನ್.

"ತಡಿ, ಪಾಪ ಅನ್ಬೇಡ. ಒಂದಿನ ಟೋಪಿ ಹಾಕಿದ್ದ ಒಬ್ಬ ದೊಡ್ಡ ಮನುಷ್ಯ ಬಂದ. ಎಲ್ಲರನ್ನೂ ಹಾಲ್‌ನಲ್ಲಿ ಕೂರಿಸಿದ್ರು. 'ಹುಡುಗ್ರಾ, ಹಡಗಲ್ಲಿ ಯಾರ್ಯಾರು ಬರ್ತೀರಿ? ಬಿಸಿಲಿರೋ ಊರು. ಬರೋರು ಕೈ ಎತ್ತಿ,' ಅಂದ. ಕ್ಲಿಫ್ ನನ್ನ ಭುಜಕ್ಕೆ ಒರಗಿ ತೂಕಡಿಸ್ತಿದ್ದ. ನಾನು..." ಅವಳು ಶೀಟಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ನಾನು ಅವನ ಮಣಿಕಟ್ಟು ಹಿಡಿದು ಮೇಲಕ್ಕೆ ಎತ್ತಿದೆ. ಅವನಿಗೆ ಎಚ್ಚರಾನೇ ಸರಿಯಾಗಿ ಆಗಿರ್ಲಿಲ್ಲ. ಆ ಮನುಷ್ಯ ಹೆಸರು ಬರ್ಕೊಂಡ."

ನೋರೀನ್ ಕೈಯಲ್ಲಿದ್ದ ತುದಿ ಕೆಳಗೆ ಜಾರಿತು.

"ಒಂದೆರಡು ದಿನ ಸುತ್ತಾಡಿಸ್ಕೊಂಡು ಬರ್ತಾರೆ ಅಂದ್ಕೊಂಡೆ ಕಣೆ. ದೇವರಾಣೆ ಹಾಗೇ ಅಂದ್ಕೊಂಡಿದ್ದೆ. ಒಂದು ಎರಡು ದಿನ ಒಗೆಯೋಕೆ ಶೀಟು ಇರಲ್ಲ ಅಂತ. ಅಷ್ಟೇ ನಂಗೆ ಬೇಕಾಗಿದ್ದು. ಅವನು ಹೋದ ಮಾರನೇ ದಿನ ಬೆಳಗಾಗೋವರೆಗೂ ಮಲಗಿದ್ದೆ. ಎಷ್ಟು ಹಿತವಾಗಿತ್ತು ಅಂತೀಯ! ಆ ಹಿತಾನೇ ನನ್ನನ್ನ ಇವತ್ತಿಗೂ ಮಲಗೋಕೆ ಬಿಡಲ್ಲ. ಅಮ್ಮ ಬಂದು ಕ್ಲಿಫ್ ಎಲ್ಲಿ ಅಂತ ಕೇಳಿದಾಗ್ಲೂ ಹೇಳ್ಲಿಲ್ಲ. ಅವಳು ಸಾಯೋವಾಗ್ಲೂ ಹೇಳ್ಲಿಲ್ಲ. ಇದನ್ನ ಅವನಿಗೆ ಹೇಳೋಕೇ ಬಂದಿದ್ದು ನಾನು. ಊರು ನೋಡೋಕೆ ಅಲ್ಲ."

ನೋರೀನಳಿಗೆ ಮೊದಲು ಬಂದದ್ದು ಸಿಟ್ಟು. ಸುಳ್ಳು ಯಾಕೆ ಹೇಳಬೇಕು? ತನ್ನ ಗಂಡನನ್ನು ಲೋಕದ ಆಚೆ ದಂಡೆಗೆ ಎತ್ತಿ ಎಸೆದ ಕೈ ಅವಳ ಎದುರಿಗೇ ಇತ್ತು. ಒರಟಾದ, ಗಂಟುಗಟ್ಟಿದ ಕೈ. ಆ ಕೈ ಒಂಬತ್ತು ವರ್ಷದ್ದಾಗಿದ್ದಾಗ ಹೇಗಿದ್ದಿರಬಹುದು ಎಂದು ಯೋಚಿಸಿದಳು. ತನ್ನ ಮಗಳು ಒಂಬತ್ತು ವರ್ಷದವಳಿದ್ದಾಗ ಶೂ ಲೇಸು ಕಟ್ಟಿಕೊಳ್ಳಲೂ ಅಮ್ಮನನ್ನು ಕರೆಯುತ್ತಿದ್ದದ್ದು ನೆನಪಾಯಿತು. ಸಿಟ್ಟು ಇಳಿಯಿತು. ಅವಳು ಶೀಟಿನ ಸಮೇತ ಹಿಲ್ಡಾಳನ್ನು ತಬ್ಬಿಕೊಂಡಳು.

"ಹೇಳಿಬಿಡು. ನಾನು ಅವನನ್ನ ಬಲ್ಲೆ, ಬೆಣ್ಣೆಯಂಥ ಮನಸ್ಸು ಅವನದು. ನಿದ್ದೇಲಿ ನಿನ್ನ ಹೆಸರು ಕೂಗ್ತಾನೆ ಗೊತ್ತಾ? ನಾನೇ ಬಿಟ್ಟು ಬಂದೆ ಅಂತ ಬಡಬಡಿಸ್ತಾನೆ. ನೀನು ಹೇಳಿದ್ರೆ ಆ ಭಾರಾನಾದ್ರೂ ಇಳಿಯುತ್ತೆ."

"ಬಾಯಿ ಬಿಡೋಕೆ ಬಿಡಲ್ವಲ್ಲೇ ಅವನು. ಹಂಸ ಅಂತಾನೆ, ಟಂಕಸಾಲೆ ಅಂತಾನೆ."

"ನಾಡಿದ್ದು ಫ್ರೀಮ್ಯಾಂಟಲ್‌ಗೆ ಹೋಗ್ತೀವಲ್ಲ, ಹಡಗುಕಟ್ಟೆ ಹತ್ರ ನಿಮ್ಮಿಬ್ಬರನ್ನೇ ಕೂರಿಸಿ ನಾನು ಮೀನು, ಚಿಪ್ಸ್ ತರೋಕೆ ಅಂತ ಹೋಗ್ತೀನಿ. ಅಲ್ಲಿ ಸಾಲು ಉದ್ದ ಇರುತ್ತೆ. ಅರ್ಧ ಗಂಟೆ ಬರಲ್ಲ."

ಮುಂದುಗಡೆಯಿಂದ ಕ್ಲಿಫ್ ಕೂಗಿದ: "ಹೆಂಗಸರೇ, ಬಸ್ಸು ಹೊರಡ್ತಾ ಇದೆ! ಬರದೇ ಇದ್ದೋರು ನಡ್ಕೊಂಡು ಬನ್ನಿ!"

ಫ್ರೀಮ್ಯಾಂಟಲ್‌ನಲ್ಲಿ ಅಂದು ಮಧ್ಯಾಹ್ನದವರೆಗೂ ಬೆಂಕಿಯಂಥ ಬಿಸಿಲು. ಎರಡು ಗಂಟೆಗೆ ಸಮುದ್ರದ ಕಡೆಯಿಂದ ತಂಪು ಗಾಳಿ ಎದ್ದಿತು. "ಡಾಕ್ಟ್ರು ಬಂದ್ರು ನೋಡು," ಎಂದ ಕ್ಲಿಫ್, ಕಾಲರು ಬಿಚ್ಚಿ ಗಾಳಿಗೆ ಎದೆಯೊಡ್ಡುತ್ತ. "ಈ ಗಾಳೀನ ನಾವು ಡಾಕ್ಟ್ರು ಅಂತೀವಿ. ಫೀಸು ತಗೊಳ್ದೇ ಇರೋ ಡಾಕ್ಟ್ರು ಇವರೊಬ್ಬರೇ." ಹಡಗುಕಟ್ಟೆಯ ಬೆಂಚಿನ ಮೇಲೆ ಅಕ್ಕ ತಮ್ಮ ಕುಳಿತರು. ನೋರೀನ್ ಹಿಲ್ಡಾಳ ಭುಜ ಮೆಲ್ಲಗೆ ಒತ್ತಿ, "ನಾನು ಮೀನು ತರ್ತೀನಿ," ಎಂದು ಹೊರಟಳು.

ಆ ದಿನ ನೋಡಿ ಸಾಲೇ ಇರಲಿಲ್ಲ. ಅಂಗಡಿಯವನು ಹತ್ತು ನಿಮಿಷಕ್ಕೆಲ್ಲ ಕಾಗದದಲ್ಲಿ ಸುತ್ತಿ ಬಿಸಿಬಿಸಿ ಪೊಟ್ಟಣ ಕೈಗಿಟ್ಟ. ನೋರೀನ್ ಅಂಗಡಿಗಳ ಮುಂದೆ ಒಂದು ಸುತ್ತು ಹಾಕಿದಳು. ಸೀಗಲ್ ಹಕ್ಕಿಗಳು ಬೆನ್ನಟ್ಟಿದವು. ಕೊನೆಗೆ, ಇಷ್ಟು ಹೊತ್ತಿಗೆ ಹೇಳಿರಬಹುದು ಎಂದುಕೊಂಡು ಬೆಂಚಿನ ಹಿಂದಕ್ಕೆ ಬಂದಳು. ಮಾತಾಡುತ್ತಿದ್ದವನು ಕ್ಲಿಫ್. ಅದು ಬಸ್ಸಿನ ದನಿಯಲ್ಲ. ಅವಳ ಹೆಜ್ಜೆ ಅಲ್ಲೇ ನಿಂತಿತು.

"...ಇಲ್ಲೇ ಇಳಿದಿದ್ದು. ಅಗೋ, ಆ ಶೆಡ್ಡಿನ ಪಕ್ಕ. ಈ ಊರಿಗೆ ಬಂದೋರಿಗೆಲ್ಲ ಈ ಕಟ್ಟೆ ತೋರಿಸ್ತೀನಿ, ಯಾವ ವರ್ಷ ಕಟ್ಟಿದ್ದು, ಎಷ್ಟು ಉದ್ದ, ಎಲ್ಲ ಹೇಳ್ತೀನಿ. ನಾನೂ ಇಲ್ಲೇ ಇಳಿದೋನು ಅಂತ ಮಾತ್ರ ಯಾರಿಗೂ ಹೇಳಿಲ್ಲ. ನೋರೀನ್‌ಗೂ."

"ಕ್ಲಿಫ್, ನಾನೊಂದು ಮಾತು ಹೇಳ್ಬೇಕು," ಎಂದಳು ಹಿಲ್ಡಾ.

"ನಾನು ಮೊದಲು ಹೇಳ್ತೀನಿ. ಈಗ ಹೇಳ್ದೇ ಇದ್ರೆ ಆಮೇಲೆ ಧೈರ್ಯ ಬರಲ್ಲ ನಂಗೆ." ಅವನು ಮೊಣಕಾಲುಗಳ ನಡುವೆ ಟೋಪಿ ತಿರುಗಿಸುತ್ತಿದ್ದ. "ಆ ಜಾಗದಲ್ಲಿ ರಾತ್ರಿ ದೀಪ ಆರಿದ್ ಮೇಲೆ ಹುಡುಗ್ರು ಒಂದೇ ಮಾತು ಆಡ್ತಿದ್ರು. ನಮ್ಮನ್ನ ಕಳ್ಸಿದ್ದು ಯಾರು? ನಾವು ಯಾರಿಗೆ ಬೇಡವಾದ್ವಿ? ನನ್ನ ಪಕ್ಕದ ಮಂಚದಲ್ಲಿ ವಾಲಿ ಅಂತ ಒಬ್ಬನಿದ್ದ. ಒಳ್ಳೇ ಹುಡುಗ. ಇದನ್ನೇ ಕೇಳ್ಕೊಂಡು ಕೇಳ್ಕೊಂಡು ಇಪ್ಪತ್ತೆರಡಕ್ಕೆ ನದಿಗೆ ಬಿದ್ದ. ನಂಗೆ ಮಾತ್ರ ಆ ಕಾಟ ಇರ್ಲಿಲ್ಲ ಹಿಲ್ಡಾ. ಯಾಕೆ ಹೇಳು? ನನ್ನನ್ನ ಯಾರೂ ಕಳಿಸ್ಲಿಲ್ಲ. ಆ ಟೋಪಿಯೋನು ಕೇಳಿದ, ನಾನೇ ಕೈ ಎತ್ತಿದೆ. ನಂಗೆ ಬೇರೆ ಹೆಚ್ಚೇನೂ ನೆನಪಿಲ್ಲ, ಅಮ್ಮನ ಮುಖಾನೂ ಇಲ್ಲ. ನನ್ನ ಕೈ ಮೇಲಿದ್ದದ್ದು ಮಾತ್ರ ಚೆನ್ನಾಗಿ ನೆನಪಿದೆ. ಏಟು ಬೀಳುವಾಗೆಲ್ಲ ಅದನ್ನೇ ಅಂದ್ಕೋತಿದ್ದೆ. ಬಂದಿದ್ದು ನಾನಾಗಿ, ನನ್ನನ್ನ ಯಾರೂ ಬಿಸಾಕಿಲ್ಲ ಅಂತ. ಆ ಒಂದು ಮಾತು ಇಟ್ಕೊಂಡೇ ನಾನು ಬದುಕಿದ್ದು."

ನೋರೀನ್ ಎದೆಗೆ ಒತ್ತಿಕೊಂಡಿದ್ದ ಪೊಟ್ಟಣ ಸುಡುತ್ತಿತ್ತು. ಅವಳು ಕದಲಲಿಲ್ಲ.

"ಆದ್ರೆ ಒಂದು," ಕ್ಲಿಫ್ ಟೋಪಿ ತಿರುಗಿಸುವುದನ್ನು ನಿಲ್ಲಿಸಿದ. "ನಿನ್ನ ಒಂದು ಮಾತೂ ಕೇಳ್ದೆ ಎತ್ತಿಬಿಟ್ಟೆ. ನೀನು ಪಕ್ಕದಲ್ಲೇ ಇದ್ದೆ. ನಿನ್ನ ಒಬ್ಬಳನ್ನೇ ಅಲ್ಲಿ ಬಿಟ್ಟು ಬಂದೆ. ಹಡಗು ಹೊರಟ ಮೇಲೆ ನಂಗದು ತಲೆಗೆ ಹೋಗಿದ್ದು. ಅವತ್ತಿಂದ ಇವತ್ತಿನವರೆಗೂ... ಬಸ್ಸಲ್ಲಿ ತಲೆ ಎಣಿಸ್ತೀನಲ್ಲ, ನೋರೀನ್ ಆಡ್ಕೋತಾಳೆ. ಬಿಟ್ಟು ಬಂದೋಳು ನೀನೊಬ್ಬಳೇ ಕಣೆ. ತಪ್ಪಾಯ್ತು. ಕ್ಷಮಿಸಿಬಿಡು ನನ್ನ."

ಹಿಲ್ಡಾ ತಲೆ ತಿರುಗಿಸಿದಳು. ಬೆಂಚಿನ ಹಿಂದೆ ನಿಂತ ನೋರೀನಳ ಕಣ್ಣಿಗೆ ಅವಳ ಕಣ್ಣು ಸಿಕ್ಕಿತು. ಹೇಳಲೋ ಬೇಡವೋ ಎಂದು ಆ ಕಣ್ಣು ಕೇಳುತ್ತಿತ್ತು. ಎರಡು ದಿನದ ಹಿಂದೆ ಹೇಳಿಬಿಡು ಎಂದಿದ್ದವಳು ನೋರೀನಳೇ. ಅವಳ ತಲೆ ತಾನಾಗಿಯೇ ಅಲ್ಲಾಡಿತು. ಬೇಡ.

ಹಿಲ್ಡಾ ಮತ್ತೆ ನೀರಿನ ಕಡೆ ನೋಡಿದಳು. ನೀರಲ್ಲಿ ಮುಳುಗುವವರು ಎಳೆದುಕೊಳ್ಳುವ ಹಾಗೆ ಉಸಿರೆಳೆದುಕೊಂಡಳು.

"ಹೌದು ಕಣೋ. ನೀನೇ ಎತ್ತಿದ್ದು. ನಾನು ನೋಡ್ದೆ."

"ನೋಡಿದ್ಯಾ? ನಿಂಗೆ ನೆನಪಿದ್ಯಾ?" ಐವತ್ತೊಂದು ವರ್ಷದ ಗಂಡಸಿನ ಮುಖ ಹುಡುಗನದಾಯಿತು.

"ಇಲ್ದೇ ಏನು. ಎಲ್ಲರಿಗಿಂತ ಮೊದಲು ಎತ್ತಿದ್ದು ನೀನು. ಎಷ್ಟು ನೆಟ್ಟಗೆ ಎತ್ತಿದ್ದೆ ಅಂದ್ರೆ ತೋಳು ಕಿತ್ತು ಬರುತ್ತೇನೋ ಅಂದ್ಕೊಂಡೆ."

"ಮತ್ತೆ ಕೋಪ? ಕೋಪ ಇಲ್ವಾ?"

"ಇಲ್ಲ. ಕ್ಷಮಿಸಿದೀನಿ," ಎಂದಳು ಹಿಲ್ಡಾ. "ಯಾವತ್ತೋ ಕ್ಷಮಿಸಿದೀನಿ ಕಣೋ."

ಕ್ಲಿಫ್ ಮುಖ ಮುಚ್ಚಿಕೊಂಡು ಅತ್ತ. ಹಿಲ್ಡಾ ಅವನ ಬೆನ್ನು ಸವರುತ್ತ ಕುಳಿತಳು. ಅವಳು ಅಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವನು ಮೂಗೊರೆಸಿಕೊಂಡು, "ನೀನೇನೋ ಹೇಳ್ಬೇಕು ಅಂದ್ಯಲ್ಲ?" ಎಂದು ಕೇಳಿದ.

"ಅದಾ? ಅಮ್ಮನ ಉಂಗುರ ತಂದಿದೀನಿ. ನಿನ್ನ ಮಗಳಿಗೆ ಕೊಡೋಣ ಅಂತ."

ನೋರೀನ್ ಕೆಮ್ಮಿ ಮುಂದೆ ಬಂದಳು. "ಮೀನು ತಣ್ಣಗಾಗಿ ಹೋಯ್ತು," ಎಂದಳು.

"ಅಳೋ ಗಂಡಸಿಗೆ ತಣ್ಣಗಿರೋ ಮೀನೇ ಸರಿ," ಎಂದ ಕ್ಲಿಫ್. ಅಂದು ಅವನು ಮೂವರ ಪಾಲನ್ನೂ ಒಬ್ಬನೇ ತಿಂದ. ಉಳಿದಿಬ್ಬರು ತಮ್ಮ ಪಾಲನ್ನು ಅವನ ಕಡೆ ಸರಿಸಿದರು. ಅವನು ಅದನ್ನು ಗಮನಿಸಲೂ ಇಲ್ಲ.

ಮರುದಿನ ಬೆಳಿಗ್ಗೆ ಪಟ್ಟಿಯಲ್ಲಿ ಇಲ್ಲದ ಜಾಗಕ್ಕೆ ಹೊರಟ. "ಹಿಲ್ಡಾ ನೋಡ್ಬೇಕು ಅಂದಿದ್ಲಲ್ಲ," ಎಂದ. ಕವಲಿನಲ್ಲಿ ಕಾರು ಈ ಸಲ ಬಲಕ್ಕೆ ತಿರುಗಲಿಲ್ಲ. ಅಲ್ಲೀಗ ಬೇರೆ ಯಾರದೋ ಶಾಲೆ ನಡೆಯುತ್ತಿತ್ತು. ರಜೆಯಾದ್ದರಿಂದ ಒಂದು ನರಪಿಳ್ಳೆಯೂ ಇರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ತನಗೊಮ್ಮೆಯೂ ತೋರಿಸದ ಆ ಜಾಗವನ್ನು ಕ್ಲಿಫ್ ಅಕ್ಕನ ಕೈ ಹಿಡಿದು ತೋರಿಸುತ್ತಿದ್ದುದನ್ನು ನೋರೀನ್ ಹಿಂದೆ ಹಿಂದೆ ಬರುತ್ತ ನೋಡಿದಳು.

"ಎಡಗಡೆ ನೋಡಿ, ಈ ಗೋಡೆ. ಕಟ್ಟಿದೋರು ನಾವು. ಕಲ್ಲು ಹೊತ್ತಿದ್ದೂ ನಾವೇ, ಕಾಲಿಗೆ ಶೂ ಇಲ್ದೇ. ಕೆಳಗಿನ ಸಾಲು ಸೊಟ್ಟ ಇದೆಯಲ್ಲ, ಅದು ನಂದು. ಎಂಟು ವರ್ಷ ಆಗ. ಬಲಗಡೆ ವರಾಂಡ. ಹಾಸಿಗೆ ಒದ್ದೆ ಮಾಡ್ಕೊಂಡೋರು ಬೆಳಿಗ್ಗೆ ಆ ಶೀಟನ್ನ ತಲೆ ಮೇಲೆ ಹೊದ್ಕೊಂಡು ಇಲ್ಲಿ ಸಾಲಾಗಿ ನಿಲ್ಬೇಕಿತ್ತು. ಒಣಗೋವರೆಗೂ. ಎಲ್ಲರೂ ತಿಂಡಿಗೆ ಹೋಗ್ತಾ ನೋಡ್ಕೊಂಡು ಹೋಗೋರು. ಆ ಮೂರನೇ ಕಂಬ ನಂದು. ಹತ್ತು ವರ್ಷದವರೆಗೂ ಅಲ್ಲೇ ನನ್ನ ಪರ್ಮನೆಂಟ್ ಸೀಟು."

ನಗಬೇಕೆಂದೇ ಹೇಳಿದ ಮಾತು. ಹಿಲ್ಡಾ ಆ ಮೂರನೇ ಕಂಬದ ಹತ್ತಿರ ಹೋಗಿ ಅಂಗೈ ಇಟ್ಟಳು.

"ಒಂದು ಹೇಳ್ಲಾ?" ಕ್ಲಿಫ್‌ನ ದನಿ ತಗ್ಗಿತು. "ಶೀಟಿನ ಒಳಗೆ ನಿಂತ್ಕೊಂಡು ನಿನ್ನೇ ನೆನೆಸ್ಕೋತಿದ್ದೆ. ನೀನು ದಿನಾ ಒಗೆದು ಕೊಡ್ತಿದ್ದೆಯಲ್ಲ ಅಂತ. ಒಂದು ದಿನಾನೂ ನೀನು ನಂಗೆ ಬೈದಿದ್ದಿಲ್ಲ."

ಹಿಲ್ಡಾಳ ಬೆರಳುಗಳು ಕಂಬದ ಮೇಲೆ ಬಿಗಿಯಾದವು. ಅವಳು ಬೀಳುತ್ತಾಳೆಂದು ನೋರೀನ್ ಎರಡು ಹೆಜ್ಜೆ ಮುಂದಿಟ್ಟಳು. ಹಿಲ್ಡಾ ಬೀಳಲಿಲ್ಲ.

"ಬಿಸಿಲು ಜಾಸ್ತಿ," ಎಂದಳು. "ಟೋಪಿ ಕಾರಲ್ಲೇ ಬಿಟ್ಟೆ."

ವಾಪಸು ಬರುವಾಗ ಕ್ಲಿಫ್ ಶಿಳ್ಳೆ ಹಾಕುತ್ತಿದ್ದ. ಅವನು ಶಿಳ್ಳೆ ಹಾಕಬಲ್ಲನೆಂಬುದು ನೋರೀನಳಿಗೆ ಅವತ್ತು ಗೊತ್ತಾಯಿತು.

ಹನ್ನೆರಡನೇ ದಿನ ವಿಮಾನ ನಿಲ್ದಾಣದಲ್ಲಿ ಅಕ್ಕ ತಮ್ಮ ಕೈ ಕುಲುಕಲಿಲ್ಲ. ಕ್ಲಿಫ್ ಅವಳನ್ನು ಬಿಗಿದಪ್ಪಿ, "ಮುಂದಿನ ವರ್ಷ ನಾವು ಬರ್ತೀವಿ. ನೀನು ನಿನ್ನ ಊರು ತೋರಿಸು. ಜೋಕು ಮಾತ್ರ ನಂದಕ್ಕಿಂತ ಚೆನ್ನಾಗಿರ್ಬೇಕು," ಎಂದ. ಹಿಲ್ಡಾ ನೋರೀನಳನ್ನು ಅಪ್ಪಿಕೊಂಡಾಗ ಕಿವಿಯಲ್ಲಿ, "ನಿಂಗೂ ಹೊರಿಸಿಬಿಟ್ಟೆ, ಅಲ್ವಾ?" ಎಂದಳು.

"ಹೊರೋದು ಇಬ್ಬರಾದ್ರೆ ಹಗುರ," ಎಂದಳು ನೋರೀನ್. ಅದು ನಿಜವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಹಿಲ್ಡಾ ಚೀಲ ಹೆಗಲಿಗೇರಿಸಿ ಒಳಗೆ ಹೋಗುವ ಬಾಗಿಲ ಕಡೆ ನಡೆದಳು. ಕ್ಲಿಫ್, "ಹಿಲ್ಡಾ!" ಎಂದು ಕೂಗಿ, ತರಗತಿಯಲ್ಲಿ ಉತ್ತರ ಗೊತ್ತಿರುವ ಹುಡುಗನ ಹಾಗೆ ಬಲಗೈಯನ್ನು ನೆಟ್ಟಗೆ ಮೇಲಕ್ಕೆತ್ತಿದ. ಅವರಿಬ್ಬರಿಗೆ ಮಾತ್ರ ತಿಳಿಯುವ ಗುರುತು ಎನ್ನುವ ನಗು ಅವನ ಮುಖದ ತುಂಬ.

ಹಿಲ್ಡಾ ನಿಂತಳು. ಚೀಲವನ್ನು ನೆಲಕ್ಕಿಟ್ಟು ಜನರನ್ನು ಸರಿಸಿಕೊಂಡು ವಾಪಸು ಬಂದಳು. ಅವನ ಮುಂದೆ ನಿಂತು, ಕೈ ಚಾಚಿ ಅವನ ಮಣಿಕಟ್ಟು ಹಿಡಿದಳು. ನಿಧಾನವಾಗಿ ಅದನ್ನು ಕೆಳಗಿಳಿಸಿ, ಅವನ ಎದೆಯ ಮೇಲಿಟ್ಟು, ಎರಡೂ ಕೈಯಿಂದ ಒತ್ತಿ ಹಿಡಿದಳು.

"ಸಾಕು ಕಣೋ. ಕೈ ಇಳಿಸು," ಎಂದಳು.

ಮತ್ತೆ ತಿರುಗಿ ನೋಡದೆ ಹೋದಳು.

ಕಾರಿನಲ್ಲಿ ನೋರೀನ್ ಮುಂದಿನ ಸೀಟಿಗೆ ಬಂದಳು. ಹಿಂದಿನ ಸೀಟಿನಲ್ಲಿ ಹಿಲ್ಡಾಳ ಟೋಪಿ ಉಳಿದುಹೋಗಿತ್ತು.

"ಅವಳಿಗೆ ವಿಮಾನ ಅಂದ್ರೆ ಭಯವಂತೆ," ಎಂದ ಕ್ಲಿಫ್. "ಆದ್ರೂ ಅಷ್ಟು ದೂರ ಒಬ್ಬಳೇ ಬಂದ್ಲು, ನೋಡು. ಧೈರ್ಯ ಬೇಕು."

"ಹೂಂ. ಧೈರ್ಯ ಬೇಕು," ಎಂದಳು ನೋರೀನ್.

ಅವನು ಕನ್ನಡಿ ಸರಿಪಡಿಸಿಕೊಂಡು ಹಿಂದಕ್ಕೆ ಕಣ್ಣು ಹಾಯಿಸಿದ. "ಒಂದು, ಎರಡು..." ಎಂದ. ಟೋಪಿಯ ಮೇಲೆ ಅವನ ಕಣ್ಣು ನಿಂತಿತು. ಅವರ ಪಾರ್ಕಿಂಗ್ ಜಾಗ ಖಾಲಿಯಾಗಲೆಂದು ಕಾಯುತ್ತಿದ್ದ ಇನ್ನೊಂದು ಕಾರು ಹಿಂದಿನಿಂದ ಎರಡು ಸಲ ಹಾರ್ನ್ ಮಾಡಿತು. ಕ್ಲಿಫ್ ಕೀಲಿಯ ಮೇಲೆ ಕೈಯಿಟ್ಟವನು ತಿರುಗಿಸಲಿಲ್ಲ. ನೋರೀನ್ ಅವನ ಕೈಯ ಮೇಲೆ ಕೈಯಿಟ್ಟು, ತಾನೇ ಕೀಲಿ ತಿರುಗಿಸಿದಳು.